ಅಮೆರಿಕದಲ್ಲಿ ಗ್ಯಾರೇಜ್, ವರ್ಕ್‌ಶಾಪ್ ಇಟ್ಟವರಿಗೆ: ಕೆಟ್ಟ ಟ್ಯೂಬ್‌ಲೈಟಿಗೂ ತಾರೀಖು ಬರೆಯಬೇಕು

ಊರಲ್ಲಿ ಹಳೇ ಬ್ಯಾಟರಿಯನ್ನು ಗುಜರಿಯವರಿಗೆ ಕೊಟ್ಟು, ಕೆಟ್ಟ ಟ್ಯೂಬ್‌ಲೈಟನ್ನು ತಿಪ್ಪೆಗೆ ಎಸೆದರೆ ಕೈ ತೊಳೆದುಕೊಂಡ ಹಾಗೆ. ಇಲ್ಲಿ ವ್ಯಾಪಾರ ಇಟ್ಟುಕೊಂಡವರಿಗೆ ಅದು ನಡೆಯುವುದಿಲ್ಲ. 1976ರ ಆರ್‌ಸಿಆರ್‌ಎ (ತ್ಯಾಜ್ಯ ನಿರ್ವಹಣೆಯ ಕೇಂದ್ರ ಕಾನೂನು) ಕಾಯ್ದೆಯ ಪ್ರಕಾರ ಅಪಾಯಕಾರಿ ತ್ಯಾಜ್ಯ ಯಾರಲ್ಲಿ ಹುಟ್ಟಿತೋ ಅವರೇ ಕೊನೆತನಕ ಹೊಣೆ, ದುಡ್ಡು ಕೊಟ್ಟು ಲಾರಿ ಹತ್ತಿಸಿದ ಮೇಲೂ.

ಮೊದಲು ತೂಕ ನೋಡಿ. ತಿಂಗಳಿಗೆ 100 ಕೆ.ಜಿ.ವರೆಗೆ ಬಂದರೆ ನಿಮ್ಮದು ಅತಿ ಸಣ್ಣ ವರ್ಗ, ರಗಳೆ ಕಡಿಮೆ. ಅದನ್ನು ದಾಟಿ 1,000 ಕೆ.ಜಿ.ಯೊಳಗಿದ್ದರೆ ಸಣ್ಣ ವರ್ಗ: ಇಪಿಎ (ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆ) ಐಡಿ ನಂಬರ್ ಬೇಕು, ಸಾಮಾನ್ಯವಾಗಿ 180 ದಿನದೊಳಗೆ ಮಾಲು ಕಳಿಸಬೇಕು. ಸಾವಿರ ಮುಟ್ಟಿದರೆ ದೊಡ್ಡ ವರ್ಗ, ಗಡುವು 90 ದಿನ. ನೂರು ಕೆ.ಜಿ. ಬಹಳ ಅಂದುಕೊಳ್ಳಬೇಡಿ, 55 ಗ್ಯಾಲನ್ನಿನ ಡ್ರಮ್ಮು ಅರ್ಧ ತುಂಬಿದರೆ ಹೆಚ್ಚುಕಡಿಮೆ ಅಷ್ಟೇ.

ಡ್ರಮ್ಮಿನ ಮೇಲೆ ‘ಹಜಾರ್ಡಸ್ ವೇಸ್ಟ್’ ಎಂಬ ಪದ, ಅಪಾಯ ಯಾವ ಬಗೆಯದು, ತುಂಬಲು ಶುರುವಾದ ತಾರೀಖು ಇರಬೇಕು. ಮುಚ್ಚಳ ಸದಾ ಹಾಕಿರಬೇಕು. ಥಿನ್ನರ್ ಸುರಿದು ಲಾಳಿಕೆಯನ್ನು ಬಾಯಲ್ಲೇ ಬಿಟ್ಟರೆ ‘ತೆರೆದ ಡ್ರಮ್ಮು’ ಎಂದೇ ಲೆಕ್ಕ. ನಮ್ಮ ಹುಡುಗರಿಗೆ ಇದನ್ನು ಹೇಳಿ ಹೇಳಿ ಸಾಕಾಗಿ, ಕೊನೆಗೆ ಮುಚ್ಚಳವಿರುವ ಲಾಳಿಕೆಯನ್ನೇ ತಂದೆ.

ಇನ್ನು ಯುನಿವರ್ಸಲ್ ವೇಸ್ಟ್. ಎಲ್ಲ ಕಡೆ ಹುಟ್ಟುವ ಕಸಕ್ಕೆ ಕೊಟ್ಟಿರುವ ಸಡಿಲ ನಿಯಮವಿದು: ಬ್ಯಾಟರಿ, ಕೀಟನಾಶಕ, ಪಾದರಸದ ಉಪಕರಣ, ಟ್ಯೂಬ್‌ಲೈಟು, 2020ರಿಂದ ಸ್ಪ್ರೇ ಡಬ್ಬಿಗಳೂ ಸೇರಿವೆ. ಇವನ್ನು ಈ ನಿಯಮದಂತೆ ಇಟ್ಟುಕೊಂಡರೆ ತಿಂಗಳ ತೂಕಕ್ಕೆ ಸೇರುವುದಿಲ್ಲ, ಒಂದು ವರ್ಷ ಇಟ್ಟುಕೊಳ್ಳಬಹುದು. ಇಷ್ಟು ಸಲೀಸು ಎಂದೇ ನಾನು ಎಡವಿದ್ದು. ತಪಾಸಣೆಗೆ ಬಂದ ಹೆಂಗಸು ಡ್ರಮ್ಮುಗಳನ್ನೆಲ್ಲ ನೋಡಿ ತಲೆಯಾಡಿಸಿ, ಸ್ಟೋರಿನ ಮೂಲೆಯಲ್ಲಿ ಮಾಪ್ ಬಕೆಟ್ಟಿನ ಹಿಂದೆ ಒರಗಿಸಿಟ್ಟಿದ್ದ ಆರು ಟ್ಯೂಬುಗಳ ಹತ್ತಿರ ನಿಂತರು. ‘ಇವು ಎಂದಿನಿಂದ ಇಲ್ಲಿವೆ?’ ಉತ್ತರ ನನ್ನಲ್ಲಿರಲಿಲ್ಲ. ಟಿಪ್ಪಣಿ ಬರೆದೇ ಹೋದರು. ಈಗ ಹೊಸ ಟ್ಯೂಬು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಹಳೆಯದನ್ನಿಟ್ಟು, ‘ಯೂಸ್ಡ್ ಲ್ಯಾಂಪ್ಸ್’ ಎಂದು ಮಾರ್ಕರಿನಲ್ಲಿ ಬರೆದು, ಮೊದಲ ಟ್ಯೂಬು ಹಾಕಿದ ದಿನವೇ ತಾರೀಖು ನಮೂದಿಸಿ ಟೇಪು ಸುತ್ತುತ್ತೇವೆ. ‘ಓಲ್ಡ್ ಟ್ಯೂಬ್ಸ್’ ಅಂತ ಬರೆದರೆ ಆಗದು, ಪದ ನಿಯಮದಲ್ಲಿ ಇರುವಂತೆಯೇ ಇರಬೇಕು.

ಡ್ರಮ್ಮುಗಳ ಜೊತೆ ಮ್ಯಾನಿಫೆಸ್ಟ್, ಅಂದರೆ ಮಾಲು ಎಲ್ಲಿಂದ ಎಲ್ಲಿಗೆ ಹೋಯಿತೆಂಬ ಸಾಗಣೆ ಪತ್ರ, ಹೋಗುತ್ತದೆ. ಸಣ್ಣ ವರ್ಗದವರು 60 ದಿನದೊಳಗೆ ಮಾಲು ತಲುಪಿದ ಸಹಿ ಬಂತೇ ಎಂದು ಇಪಿಎಯ ಆನ್‌ಲೈನ್ ವ್ಯವಸ್ಥೆ ಇ-ಮ್ಯಾನಿಫೆಸ್ಟಿನಲ್ಲಿ ನೋಡಿಕೊಳ್ಳಿ, ಪ್ರತಿಯನ್ನು ಮೂರು ವರ್ಷ ಇಡಿ.

ರಾಜ್ಯಗಳ ನಿಯಮ ಇದಕ್ಕಿಂತ ಬಿಗಿಯಾಗಿರಬಹುದು. ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಂಪ್ಯೂಟರು, ಸೋಲಾರ್ ಪ್ಯಾನಲ್ಲೂ ಯುನಿವರ್ಸಲ್ ವೇಸ್ಟೇ. ಕೌಂಟಿಯವರು (ನಮ್ಮ ಜಿಲ್ಲಾಡಳಿತದ ಹಾಗೆ) ಮನೆಗಳಿಂದ ಬಣ್ಣದ ಡಬ್ಬಿ ತೆಗೆದುಕೊಳ್ಳುವ ದಿನ ಇರುತ್ತದಲ್ಲ, ಅಂಗಡಿಯದ್ದನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಅಲ್ಲಿಗೆ ಹೊರಡಬೇಡಿ. ಕೆಲವು ಕೌಂಟಿಗಳು ಅತಿ ಸಣ್ಣ ವರ್ಗದ ವ್ಯಾಪಾರದವರಿಂದ ಶುಲ್ಕ ಪಡೆದು ತೆಗೆದುಕೊಳ್ಳುತ್ತವೆ, ಮೊದಲೇ ಫೋನ್ ಮಾಡಿ ಕೇಳಿ.