ಮರುವಾಯಿ ಚಿಪ್ಪು, ಐಆರ್, ರಾಮನ್: ನನ್ನ ಎಂಎಸ್ಸಿ ಪ್ರಾಜೆಕ್ಟ್ ಅನುಭವ

ಸ್ಪೆಕ್ಟ್ರೋಸ್ಕೋಪಿಯಲ್ಲಿ (ಬೆಳಕು ಬಿಟ್ಟು ವಸ್ತು ಯಾವ್ದು ಅಂತ ಗುರುತಿಸೋ ವಿದ್ಯೆ) ಏನಾದ್ರೂ ಪ್ರಾಜೆಕ್ಟ್ ಮಾಡ್ಬೇಕು ಆದ್ರೆ ಸ್ಯಾಂಪಲ್ ತರೋಕೆ ದುಡ್ಡಿಲ್ಲ ಅನ್ನೋ ಸ್ಟೂಡೆಂಟ್ಸ್‌ಗೆ ನಾನು ಹೇಳೋದು ಒಂದೇ, ಮನೆ ಹಿತ್ತಲು ನೋಡಿ. ನಾನು ಮಾಡಿದ್ದು ಮರುವಾಯಿ (ತಿನ್ನೋ ಕಪ್ಪೆಚಿಪ್ಪು) ಚಿಪ್ಪಿನ ಮೇಲೆ. ಮಂಗಳೂರು ಕಡೆಯವ್ರಿಗೆ ಹೇಳ್ಬೇಕಿಲ್ಲ, ಸುಕ್ಕ ಮಾಡಿ ತಿಂದ್ಮೇಲೆ ಬಿಸಾಕೋ ಅದೇ ಚಿಪ್ಪು. ಹೋಲಿಸಿ ನೋಡೋಕೆ ಕೋಳಿಮೊಟ್ಟೆ ಸಿಪ್ಪೆ. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ, ಆದ್ರೆ ಮೊಟ್ಟೆದು ಕ್ಯಾಲ್ಸೈಟ್, ಮರುವಾಯಿದು ಹೆಚ್ಚುಕಮ್ಮಿ ಪೂರ್ತಿ ಅರಗೊನೈಟ್. ಅಯಾನ್‌ಗಳು ಅವೇ, ಹರಳಲ್ಲಿ ಅವು ಕೂತಿರೋ ರೀತಿ ಬೇರೆ.

ಮೊದ್ಲು ಐಆರ್, ಅಂದ್ರೆ ಇನ್ಫ್ರಾರೆಡ್ ಬೆಳಕಲ್ಲಿ ಯಾವ ಭಾಗವನ್ನ ಸ್ಯಾಂಪಲ್ ಹೀರ್ಕೊಳ್ಳುತ್ತೆ ಅಂತ ನೋಡೋದು; ಹೀರಿದ ಕಡೆ ಗ್ರಾಫಲ್ಲಿ ಪೀಕ್ ಬರುತ್ತೆ. ನಮ್ಮ ಡಿಪಾರ್ಟ್‌ಮೆಂಟಲ್ಲಿ ಎಟಿಆರ್ (ಪುಡಿಯನ್ನ ಹಾಗೇ ಇಟ್ಟು ಅಳೆಯೋ ಸಾಧನ) ಇರ್ಲಿಲ್ಲ, ಕೆಬಿಆರ್ (ಪೊಟ್ಯಾಸಿಯಂ ಬ್ರೋಮೈಡ್ ಉಪ್ಪು) ಜೊತೆ ಒತ್ತಿ ಮಾಡೋ ಬಿಲ್ಲೆ, ಅಂದ್ರೆ ಪೆಲೆಟ್ಟೇ ಗತಿ. ಒಂದೆರಡು ಮಿಲಿಗ್ರಾಂ ಪುಡಿ, ನೂರೈವತ್ತು ಇನ್ನೂರು ಮಿಲಿಗ್ರಾಂ ಕೆಬಿಆರ್, ಅಗೇಟ್ ಕುಟ್ಟಾಣಿಯಲ್ಲಿ ನುಣ್ಣಗೆ ಅರೆದು ಪ್ರೆಸ್‌ಗೆ ಹಾಕೋದು. ಹೇಳೋಕೆ ಸುಲಭ, ಜುಲೈ ತಿಂಗಳ ಕರಾವಳಿ ಮಳೆಯಲ್ಲಿ ಮಾಡಿ ನೋಡಿ! ಕೆಬಿಆರ್ ತೇವ ಎಳ್ಕೊಂಡು ಪೆಲೆಟ್ ಮಂಜಾಗುತ್ತೆ, 3400 ಹತ್ರ ನೀರಿನ ಅಗಲವಾದ ಹಂಪ್ ಬರುತ್ತೆ (ಇಲ್ಲಿರೋ ಪೀಕ್ ನಂಬರೆಲ್ಲ ಸೆಂಟಿಮೀಟರ್ ಇನ್ವರ್ಸ್, ಅಂದ್ರೆ ಒಂದು ಸೆಂಟಿಮೀಟರಲ್ಲಿ ಎಷ್ಟು ಅಲೆ ಅನ್ನೋ ಲೆಕ್ಕ). ಕೆಬಿಆರ್‌ನ ಓವನ್‌ನಿಂದ ತೆಗೆದು ಐಆರ್ ಲ್ಯಾಂಪ್ ಕೆಳಗೇ ಅರೀಬೇಕು. ಆಮೇಲೆ 2350ರ ಜೋಡಿ ಪೀಕ್ ನೋಡಿ ಏನೋ ಸಿಕ್ತು ಅಂತ ಕುಣೀಬೇಡಿ, ಅದು ರೂಮಿನ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್.

ಮೊಟ್ಟೆ ಸಿಪ್ಪೆಗೆ 1420, 875, 712 ಬಂತು. ಚಿಪ್ಪಿಗೆ 1470 ಸುಮಾರು, 860ರ ಹತ್ರ ಒಂದು, 712 ಮತ್ತು 700 ಅಂತ ಒಡೆದ ಜೋಡಿ, ಜೊತೆಗೆ 1083ಕ್ಕೆ ಒಂದು ಸಣ್ಣ ಚೂಪು ಪೀಕ್. ನಂಗೆ ಇಡೀ ಪ್ರಾಜೆಕ್ಟಲ್ಲಿ ಇಷ್ಟವಾಗಿದ್ದು ಈ ಸಣ್ಣದೇ. ಯಾಕಂದ್ರೆ ಅದು ಕಾರ್ಬೊನೇಟಿನ ಸಿಮೆಟ್ರಿಕ್ ಸ್ಟ್ರೆಚ್, ಮೂರೂ ಆಕ್ಸಿಜನ್ ಒಟ್ಟಿಗೆ ಹೊರಗೆ ಹೋಗಿ ಒಟ್ಟಿಗೆ ಒಳಗೆ ಬರುತ್ತೆ, ಡೈಪೋಲ್ (ಪ್ಲಸ್ ಮೈನಸ್ ಚಾರ್ಜ್ ಹಂಚಿಕೆಯ ಅಸಮತೆ) ಬದಲಾಗಲ್ಲ, ಅದು ಬದಲಾದ್ರೇ ಐಆರ್ ಹೀರೋದು, ಹಾಗಾಗಿ ಐಆರಲ್ಲಿ ಕಾಣಬಾರ್ದು, ಕ್ಯಾಲ್ಸೈಟಲ್ಲಿ ಕಾಣೋದೂ ಇಲ್ಲ. ಅರಗೊನೈಟಲ್ಲಿ ಕಾರ್ಬೊನೇಟ್ ಕೂತಿರೋ ಜಾಗದ ಸಿಮೆಟ್ರಿನೇ ಕಮ್ಮಿ, ಅದಕ್ಕೆ ಅಲ್ಲಿ ಕಾಣ್ಸುತ್ತೆ. ಕ್ಲಾಸಲ್ಲಿ ಗ್ರೂಪ್ ಥಿಯರಿ (ಸಿಮೆಟ್ರಿಯ ಗಣಿತ) ಕ್ಯಾರೆಕ್ಟರ್ ಟೇಬಲ್ ಬಾಯಿಪಾಠ ಹೊಡೆದಿದ್ದು ಇದಕ್ಕಾ ಅನ್ನಿಸ್ತು.

ರಾಮನ್‌ಗೆ ಬೇರೆ ಕಡೆ ಸ್ಲಾಟ್ ತಗೊಂಡು ಹೋಗ್ಬೇಕಾಯ್ತು. ಇದು ಸ್ಯಾಂಪಲ್ ಮೇಲೆ ಬೆಳಕು ಬಿಟ್ಟು, ಚದುರಿ ಬರೋ ಬೆಳಕಿನ ಬಣ್ಣ ಎಷ್ಟು ಬದಲಾಗಿದೆ ಅಂತ ನೋಡೋದು. 1928ರಲ್ಲಿ ಕಲ್ಕತ್ತಾದಲ್ಲಿ ಸಿ.ವಿ. ರಾಮನ್, ಕೆ.ಎಸ್. ಕೃಷ್ಣನ್ ಇಬ್ರೂ ಮರ್ಕ್ಯುರಿ ಲ್ಯಾಂಪ್ ಇಟ್ಕೊಂಡು ಫೋಟೋ ಪ್ಲೇಟ್‌ಗೆ ಗಂಟೆಗಟ್ಲೆ ಎಕ್ಸ್‌ಪೋಷರ್ ಕೊಡ್ತಿದ್ರು, ಈಗ ಲೇಸರಲ್ಲಿ ಸೆಕೆಂಡುಗಳ ಕೆಲ್ಸ. ಆದ್ರೂ ಮೊದ್ಲು ಸಿಲಿಕಾನ್ ಇಟ್ಟು ಅದರ ಪೀಕ್ 520.5 ಆಸುಪಾಸಲ್ಲಿ ಬರ್ತಿದ್ಯಾ (ಯಂತ್ರ ಸರಿಯಾಗಿ ಅಳೀತಿದ್ಯಾ ಅನ್ನೋಕೆ) ನೋಡ್ದೆ ಮುಂದೆ ಹೋಗ್ಬೇಡಿ. 532 ನ್ಯಾನೋಮೀಟರ್ ಲೇಸರ್ ಹಾಕಿದಾಗ ಚಿಪ್ಪೊಳಗಿನ ಜೈವಿಕ ಪದಾರ್ಥದ ಫ್ಲೋರೊಸೆನ್ಸ್ (ಲೇಸರ್ ಹೀರಿ ಅದು ತಾನೇ ಸೂಸೋ ಬೆಳಕು) ಗುಡ್ಡದ ಥರ ಎದ್ದು ಕೂತ್ಕೊಳ್ತು, 785ಕ್ಕೆ ಹೋದ್ಮೇಲೆ ತಗ್ಗಿತು. ಲೇಸರ್ ಪವರ್ ಜಾಸ್ತಿ ಇಟ್ರೆ ಚಿಪ್ಪಲ್ಲಿ ಬಣ್ಣ ಇರೋ ಜಾಗ ಸುಟ್ಟೇ ಹೋಗುತ್ತೆ.

ಇಲ್ಲಿ ಎಲ್ರೂ ತೋರ್ಸೋದು 1085ರ ದೊಡ್ಡ ಪೀಕ್, ಆದ್ರೆ ಅದು ಎರಡರಲ್ಲೂ ಒಂದೇ ಕಡೆ ಬರುತ್ತೆ, ಅದನ್ನ ನೋಡಿ ಯಾವ್ದು ಯಾವ್ದು ಅಂತ ಹೇಳೋಕಾಗಲ್ಲ. ತೀರ್ಪು ಇರೋದು ಕೆಳಗಡೆ: 282 ಬಂದ್ರೆ ಕ್ಯಾಲ್ಸೈಟ್, 206 ಬಂದ್ರೆ ಅರಗೊನೈಟ್. ಅದಕ್ಕೆ ಸ್ಕ್ಯಾನ್ ಕನಿಷ್ಠ 100ರಿಂದಾದ್ರೂ ಶುರು ಮಾಡ್ಸಿ, ಆಪರೇಟರ್ 400ರಿಂದ ಸಾಕು ಅಂದ್ರೂ ಬಿಡ್ಬೇಡಿ.

ಕೊನೆಗೆ ಉಳಿದ ಟೈಮಲ್ಲಿ ಚಿಪ್ಪನ್ನ ಮಫಲ್ ಫರ್ನೇಸಲ್ಲಿ (ಲ್ಯಾಬಿನ ಕುಲುಮೆ) 900 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟು, ನೀರು ಹಾಕಿ, ಎಲೆಅಡಿಕೆಗೆ ಹಾಕ್ತಾರಲ್ಲ ಆ ಸುಣ್ಣನೇ ಮಾಡ್ದೆ. ಐಆರಲ್ಲಿ 3640ಕ್ಕೆ ಸೂಜಿ ಥರ ಹೈಡ್ರಾಕ್ಸೈಡ್ ಪೀಕ್. ಅದನ್ನೇ ವಾಚ್ ಗ್ಲಾಸಲ್ಲಿ ತೆರೆದಿಟ್ಟು ಆಗಾಗ ಸ್ವಲ್ಪ ತೆಗೆದು ನೋಡ್ತಾ ಹೋದ್ರೆ, ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರ್ಕೊಂಡು, 3640 ಇಳೀತಾ ಕಾರ್ಬೊನೇಟ್ ಪೀಕ್‌ಗಳು ವಾಪಸ್ ಬಂದ್ವು, ಆದ್ರೆ ಈ ಸಲ 875 ಮತ್ತು ಒಂಟಿ 712, ಅಂದ್ರೆ ಕ್ಯಾಲ್ಸೈಟ್. 1083 ಎಲ್ಲೂ ಇಲ್ಲ. ವೈವಾದಲ್ಲಿ ಎಕ್ಸ್‌ಟರ್ನಲ್ ಎಕ್ಸಾಮಿನರ್ ಬೇರೆ ಯಾವ್ದನ್ನೂ ಕೇಳ್ಲಿಲ್ಲ, ಈ ಗ್ರಾಫ್ ಮೇಲೇ ಕೂತ್ಕೊಂಡ್ರು.