ಗಿವ್‌ಅವೇ, ಸ್ಪರ್ಧೆ, ಅಂತರ್ಜಾಲದ ಚಿತ್ರವಿಚಿತ್ರಗಳು: ನನ್ನ ಲೆಕ್ಕ, ನನ್ನ ಪಟ್ಟಿ

ಗಿವ್‌ಅವೇ (ಅಂತರ್ಜಾಲದಲ್ಲಿ ಬಹುಮಾನ ಪುಕ್ಕಟೆ ಹಂಚುವ ಕಾರ್ಯಕ್ರಮ) ಕಣ್ಣಿಗೆ ಬಿದ್ದಾಗ ನಾನು ಮೊದಲು ನೋಡುವುದು ಬಹುಮಾನವನ್ನಲ್ಲ, ಅಲ್ಲಿ ಆಗಲೇ ಎಷ್ಟು ಜನ ಸೇರಿದ್ದಾರೆ ಎಂಬುದನ್ನು. ಹೊಸ ಫೋನು ಕೊಡುತ್ತೇವೆಂದರೆ ಸಾವಿರಾರು ಜನ ಮುಗಿಬೀಳುತ್ತಾರೆ. ಕೈಹೊಲಿಗೆಯ ನೋಟ್‌ಬುಕ್ಕು, ಸ್ಟಿಕ್ಕರು, ನೂಲಿನ ಉಂಡೆ, ಹಳೇ ಪೋಸ್ಟ್‌ಕಾರ್ಡುಗಳ ಕಟ್ಟು ಕೊಡುವ ಕಡೆ ನಲವತ್ತು ಜನ ಸೇರಿದರೆ ಹೆಚ್ಚು. ತಲಾ 5,000 ಎಂಟ್ರಿ ಇರುವ 100 ಡ್ರಾಗಳಲ್ಲಿ ಒಂದೊಂದು ಎಂಟ್ರಿ ಹಾಕಿದರೆ, ಒಂದನ್ನಾದರೂ ಗೆಲ್ಲುವ ಸಾಧ್ಯತೆ ಸುಮಾರು ಶೇ. 2. ತಲಾ 40 ಎಂಟ್ರಿ ಇರುವ ಬರೀ 10 ಡ್ರಾಗಳಲ್ಲಿ ಹಾಕಿದರೆ ಅದೇ ಸಾಧ್ಯತೆ ಶೇ. 22. ಹತ್ತರಲ್ಲೊಂದು ಪಾಲು ಶ್ರಮಕ್ಕೆ ಹನ್ನೊಂದು ಪಟ್ಟು ಅವಕಾಶ.

ಇನ್ನೊಂದು ತಪ್ಪು ಲೆಕ್ಕ ಬಹಳ ಜನರ ತಲೆಯಲ್ಲಿದೆ. 200 ಜನರಲ್ಲಿ ಒಬ್ಬರಿಗೆ ಬಹುಮಾನ ಇದ್ದರೆ, ಅಂಥ 200 ಡ್ರಾ ಆಡಿದವರಿಗೆ ಒಂದು ಬಂದೇ ಬರುತ್ತದೆ ಎಂದುಕೊಳ್ಳುತ್ತಾರೆ. ಹಾಗಿಲ್ಲ. ಪ್ರತಿಯೊಂದು ಡ್ರಾ ಬೇರೆ ಬೇರೆ. ಎಲ್ಲವನ್ನೂ ಸೋಲುವ ಸಾಧ್ಯತೆ 199/200 ಅನ್ನು 200 ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇ. 37. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬರಿಗೈಯಲ್ಲೇ ಉಳಿಯುತ್ತಾರೆ. ಇದು ಗೊತ್ತಿದ್ದರೆ ಆರು ತಿಂಗಳು ಏನೂ ಬಾರದಿದ್ದಾಗ ಯಾರೋ ಮೋಸ ಮಾಡುತ್ತಿದ್ದಾರೆ ಎಂಬ ಗುಮಾನಿ ಹುಟ್ಟುವುದಿಲ್ಲ.

ಸ್ಪರ್ಧೆಗಳಲ್ಲಿ ಮೂರು ಜಾತಿ: ಚೀಟಿ ಎತ್ತುವುದು, ತೀರ್ಪುಗಾರರು ಆರಿಸುವುದು, ಮತ ಹಾಕಿಸುವುದು. ಮತದ ಸ್ಪರ್ಧೆಗೆ ನಾನು ಹೋಗುವುದಿಲ್ಲ. ಅಲ್ಲಿ ಗೆಲ್ಲುವುದು ಚಿತ್ರವಲ್ಲ, ಸ್ನೇಹಿತರ ಪಟ್ಟಿಯ ಉದ್ದ. ಮತ ಮಾರುವವರೂ ಇದ್ದಾರೆ. ನನಗೆ ಇಷ್ಟವಾದದ್ದು ತೀರ್ಪಿನ ಸ್ಪರ್ಧೆ. ಒಂದು ಫೋಟೋ ತೆಗೆಯಬೇಕು, 25 ಪದ ಬರೆಯಬೇಕು ಎಂದ ಕೂಡಲೇ ಬಹುಪಾಲು ಜನ ಮುಂದಕ್ಕೆ ಸ್ಕ್ರೋಲ್ ಮಾಡಿಬಿಡುತ್ತಾರೆ. ಉಳಿದವರಲ್ಲೂ ಹಲವರು ನಿಯಮ ಓದದೆ ಅನರ್ಹರಾಗುತ್ತಾರೆ.

ಸಣ್ಣ ಸ್ಪರ್ಧೆಗಳು ತಾವಾಗಿ ಬಂದು ಕಾಣಿಸಿಕೊಳ್ಳುವುದಿಲ್ಲ, ಹುಡುಕಬೇಕು. ಗೂಗಲ್‌ನಲ್ಲಿ ನಾನು ಮೊದಲು ಹವ್ಯಾಸದ ಹೆಸರು ಹಾಕುತ್ತೇನೆ, ಪಕ್ಕದಲ್ಲಿ ಇಂಗ್ಲಿಷಿನ ‘ಗಿವ್‌ಅವೇ’ ಪದವನ್ನು ಉದ್ಧರಣ ಚಿಹ್ನೆಯೊಳಗೆ, ಕೊನೆಗೆ ಇಂಗ್ಲಿಷಿನಲ್ಲೇ ‘ಆಫ್ಟರ್’ (after) ಎಂಬ ಪದ, ಕೋಲನ್, ಇಂದಿಗೆ ಹತ್ತು ದಿನ ಹಿಂದಿನ ತಾರೀಖು. ತಾರೀಖನ್ನು ವರ್ಷ-ತಿಂಗಳು-ದಿನ ಕ್ರಮದಲ್ಲೇ ಬರೆಯಬೇಕು, ಕೋಲನ್ ಆದ ಮೇಲೆ ಜಾಗ ಬಿಡಬಾರದು. ಹೀಗೆ ಮಾಡದಿದ್ದರೆ ಮೊದಲ ಪುಟದ ತುಂಬ ಯಾವತ್ತೋ ಮುಗಿದ ಸ್ಪರ್ಧೆಗಳೇ. ಹವ್ಯಾಸದ ಹೆಸರು ಬಿಟ್ಟು ಬರೀ ‘ಗಿವ್‌ಅವೇ’ ಎಂದು ಹುಡುಕಿದರೆ ಎಲ್ಲರೂ ನೋಡುವ ಪಟ್ಟಿಗಳೇ ಬರುತ್ತವೆ. ಅಲ್ಲಿ ಸಾಲು ಆಗಲೇ ಉದ್ದವಾಗಿರುತ್ತದೆ.

ಸಿಕ್ಕಿದ್ದೆಲ್ಲ ಒಂದು ಸ್ಪ್ರೆಡ್‌ಶೀಟಿಗೆ ಹೋಗುತ್ತದೆ. ಆರು ಕಾಲಂ ಸಾಕು: ಹೆಸರು, ಲಿಂಕು, ಕೊನೆಯ ಗಳಿಗೆ, ಎಷ್ಟು ಸಲ ಎಂಟ್ರಿ ಹಾಕಬಹುದು, ಫಲಿತಾಂಶದ ದಿನ, ವಿಜೇತರು ಎಷ್ಟು ಗಂಟೆಯೊಳಗೆ ಉತ್ತರಿಸಬೇಕು. ಕೊನೆಯ ಎರಡು ಕಾಲಂಗಳನ್ನು ಜನ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಅವೇ ಮುಖ್ಯ. 48 ಗಂಟೆಯೊಳಗೆ ಉತ್ತರ ಬಾರದಿದ್ದರೆ ಮತ್ತೊಬ್ಬರನ್ನು ಆರಿಸುತ್ತೇವೆ ಎಂಬ ಷರತ್ತು ಸರ್ವೇಸಾಮಾನ್ಯ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದು ಇಲ್ಲೇ.

ಕೊನೆಯ ಗಳಿಗೆಯನ್ನು ಯಾವಾಗಲೂ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಬದಲಾಯಿಸಿ ಬರೆದುಕೊಳ್ಳುತ್ತೇನೆ. ‘ರಾತ್ರಿ 11:59, ಪೆಸಿಫಿಕ್ ಸಮಯ’ ಎಂದಿದ್ದರೆ ಅದು ಅಮೆರಿಕದ ಚಳಿಗಾಲದಲ್ಲಿ ಮರುದಿನ ಯುಟಿಸಿ 7:59, ಬೇಸಿಗೆಯಲ್ಲಿ 6:59. ಗಡಿಯಾರ ಒಂದು ಗಂಟೆ ಮುಂದೆ ಹೋಗುವುದು ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ, ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಬಾಯಿಪಾಠದ ಲೆಕ್ಕವೆಲ್ಲ ಒಂದು ಗಂಟೆ ಏರುಪೇರು. ‘ಎಒಇ’ ಎಂಬ ಮೂರಕ್ಷರ ಕಂಡರೆ ನಿರಾಳ. ಭೂಮಿಯ ಮೇಲೆ ಎಲ್ಲಾದರೂ ಆ ತಾರೀಖು ಇನ್ನೂ ಉಳಿದಿದ್ದರೆ ಗಡುವೂ ಉಳಿದಿದೆ ಎಂದರ್ಥ, ಅಂದರೆ ಯುಟಿಸಿಗಿಂತ 12 ಗಂಟೆ ಹಿಂದಿರುವ ಗಡಿಯಾರದ ಲೆಕ್ಕ. ‘12 ಎಎಂ, 15ನೇ ತಾರೀಖು’ ಎಂದು ಬರೆದಿದ್ದರೆ ಅದು 15ರ ರಾತ್ರಿಯಲ್ಲ, 14 ಮುಗಿದ ಕ್ಷಣ. ಬರೆದವರಿಗೇ ಇದು ಗೊತ್ತಿರದ ಸಂದರ್ಭ ಹೆಚ್ಚು. ಅನುಮಾನವಿದ್ದರೆ ಒಂದು ದಿನ ಮೊದಲೇ ಕಳಿಸಿಬಿಡುತ್ತೇನೆ.

ಇಮೇಲಿಗೆ ಬೇರೆಯದೇ ವಿಳಾಸ ಬೇಕು. ಜಿಮೇಲ್‌ನಲ್ಲಿ ಹೆಸರಿನ ನಂತರ, @ ಚಿಹ್ನೆಗೆ ಮೊದಲು, ಪ್ಲಸ್ ಚಿಹ್ನೆ ಹಾಕಿ ಯಾವ ಪದ ಸೇರಿಸಿದರೂ ಪತ್ರ ಅದೇ ಪೆಟ್ಟಿಗೆಗೆ ಬರುತ್ತದೆ. ಯಾರು ವಿಳಾಸ ಮಾರಿಕೊಂಡರು ಎಂಬುದೂ ಆ ಪದದಿಂದಲೇ ತಿಳಿಯುತ್ತದೆ. ಕೆಲವು ಫಾರಂಗಳು ಪ್ಲಸ್ ಚಿಹ್ನೆಯನ್ನು ಒಪ್ಪುವುದಿಲ್ಲ, ಅಂಥವಕ್ಕಾಗಿಯೇ ಪ್ರತ್ಯೇಕ ಖಾತೆ. ಪ್ಲಸ್ ನಂತರದ ಪದ ಬದಲಾಯಿಸಿಯೋ ಜಿಮೇಲ್ ಲೆಕ್ಕಕ್ಕೆ ತೆಗೆದುಕೊಳ್ಳದ ಚುಕ್ಕೆ ಸರಿಸಿಯೋ ಒಬ್ಬರೇ ಹತ್ತು ಎಂಟ್ರಿ ಹಾಕುವ ಚಾಲಾಕಿತನ ಬೇಡ. ಚುಕ್ಕೆಯನ್ನೂ ಪ್ಲಸ್ ನಂತರದ ಭಾಗವನ್ನೂ ತೆಗೆದು ಹೋಲಿಸಿ ನೋಡಲು ಆಯೋಜಕರಿಗೆ ಒಂದು ನಿಮಿಷ ಸಾಕು, ಹತ್ತೂ ರದ್ದು. ಜಿಮೇಲ್ ಸ್ಪ್ಯಾಮಿಗೆ ಬಿದ್ದದ್ದನ್ನು 30 ದಿನಕ್ಕೆ ಅಳಿಸಿಹಾಕುತ್ತದೆ. ಹಾಗಾಗಿ ಅಭಿನಂದನೆ, ವಿಜೇತ ಎಂಬ ಅರ್ಥದ ಇಂಗ್ಲಿಷ್ ಪದಗಳಿಗೆ ಫಿಲ್ಟರ್ ಮಾಡಿ ‘ಸ್ಪ್ಯಾಮಿಗೆ ಕಳಿಸಬೇಡ’ ಎಂದು ಗುರುತು ಹಾಕಿದ್ದೇನೆ. ಕಸವೂ ಒಂದಷ್ಟು ಒಳಗೆ ಬರುತ್ತದೆ, ಅದು ಸಹಿಸಬಹುದಾದ ಕಸ.

ಫಾರಂ ತುಂಬಲು ಬ್ರೌಸರಿನ ಆಟೋಫಿಲ್ (ಉಳಿಸಿಟ್ಟ ವಿವರ ತಾನೇ ತುಂಬುವ ಸೌಲಭ್ಯ) ಬಳಸುವುದಿಲ್ಲ. ಪರದೆಯ ಮೇಲೆ ಹೆಸರು, ಇಮೇಲ್ ಎಂಬ ಎರಡೇ ಖಾನೆ ಕಂಡರೂ ಪುಟದೊಳಗೆ ಮರೆಮಾಡಿದ ಬೇರೆ ಖಾನೆಗಳು ಇರಬಹುದು. ಆಟೋಫಿಲ್ ಅಲ್ಲಿಗೆ ಫೋನು, ಮನೆ ವಿಳಾಸವನ್ನೂ ತುಂಬಿಬಿಡಬಹುದು. ಸ್ಪರ್ಧೆಗಳಿಗೆಂದೇ ಬ್ರೌಸರಿನಲ್ಲಿ ಬೇರೆ ಪ್ರೊಫೈಲ್ ಇದೆ, ಅದರಲ್ಲಿ ಏನೂ ಉಳಿಸಿಟ್ಟಿಲ್ಲ.

ಹೆಚ್ಚುವರಿ ಎಂಟ್ರಿಗಳದ್ದು ಬೇರೆಯೇ ಲೆಕ್ಕ. ಇಲ್ಲಿ ಫಾಲೋ ಮಾಡಿ, ಅಲ್ಲಿ ಹಂಚಿ, ಮೂವರನ್ನು ಟ್ಯಾಗ್ ಮಾಡಿ ಎಂದು ಹದಿನೈದು ಕೆಲಸ ಕೊಡುವವರಿದ್ದಾರೆ. ಅವುಗಳಲ್ಲಿ ನಾನು ಆಡುವುದು ‘ದಿನಕ್ಕೊಂದು ಸಲ’ ಎಂಬುದನ್ನು ಮಾತ್ರ. ಹತ್ತು ಸೆಕೆಂಡಿನ ಕೆಲಸ, ಬಹಳ ಜನ ಮೂರನೇ ದಿನಕ್ಕೆ ಮರೆಯುತ್ತಾರೆ, 14 ದಿನ ಮರೆಯದವರ ಹತ್ತಿರ 14 ಎಂಟ್ರಿ. ಟ್ಯಾಗ್ ಮಾಡುವುದರಿಂದ ಎಂಟ್ರಿ ಒಂದು ಹೆಚ್ಚುತ್ತದೆ, ಸ್ನೇಹಿತರು ಮೂವರು ಕಡಿಮೆಯಾಗುತ್ತಾರೆ. ಅಂದಹಾಗೆ, ಫೇಸ್‌ಬುಕ್‌ನ ನಿಯಮದ ಪ್ರಕಾರ ‘ನಿಮ್ಮ ಟೈಮ್‌ಲೈನಿನಲ್ಲಿ ಹಂಚಿದರೆ ಮಾತ್ರ ಎಂಟ್ರಿ’ ಎಂದು ಕೇಳುವಂತೆಯೇ ಇಲ್ಲ. ಹಾಗೆ ಕೇಳುವವರು ಆ ನಿಯಮವನ್ನು ಓದಿಲ್ಲ ಎಂದಾಯಿತು. ಬೇರೆ ನಿಯಮ ಪಾಲಿಸುತ್ತಾರೆ ಎಂದು ನಂಬುವುದು ಹೇಗೆ?

ಬರವಣಿಗೆಯ ಸ್ಪರ್ಧೆಗೆ ಕನ್ನಡದಲ್ಲಿ ಬರೆಯುವವರು ಒಂದು ವಿಷಯ ತಿಳಿದಿರಬೇಕು. ಮಿತಿ ಪದಗಳಲ್ಲಿದ್ದರೆ ನಮಗೆ ಲಾಭ. ‘ಹೋಗಬೇಕೆಂದುಕೊಂಡಿದ್ದೆ’ ಎಂಬುದು ಒಂದೇ ಪದ. ಮಿತಿ ಅಕ್ಷರಗಳಲ್ಲಿದ್ದರೆ ನಷ್ಟ, ಏಕೆಂದರೆ ಕಂಪ್ಯೂಟರು ಎಣಿಸುವುದು ನಾವು ಎಣಿಸುವ ಅಕ್ಷರವನ್ನಲ್ಲ. ‘ಪ್ರೀತಿ’ ನಮ್ಮ ಕಣ್ಣಿಗೆ ಎರಡಕ್ಷರ, ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಪದ್ಧತಿಯಾದ ಯುನಿಕೋಡ್‌ಗೆ ಆರು: ಪ, ಹಲಂತ, ರ, ದೀರ್ಘ ಗುಣಿತ, ತ, ಗುಡಿಸು. ‘ಕ್ಷಿ’ ಒಂದೇ ಅಕ್ಷರ, ಲೆಕ್ಕಕ್ಕೆ ನಾಲ್ಕು. ಅದರ ಮೇಲೆ, ಕೆಲವು ಫಾರಂಗಳು ಎಣಿಸುವುದು ಬೈಟುಗಳನ್ನು. ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು, ಅಂದರೆ ‘ಪ್ರೀತಿ’ಗೆ ಹದಿನೆಂಟು. ಮಿತಿ ದಾಟಿದ್ದನ್ನು ಕೆಲವು ಫಾರಂ ಹೇಳದೆಯೇ ಕತ್ತರಿಸುತ್ತದೆ, ಕೊನೆಯ ವಾಕ್ಯ ತುಂಡಾಗಿ ತೀರ್ಪುಗಾರರ ಮುಂದೆ ಹೋಗುತ್ತದೆ. ಒತ್ತಕ್ಷರ ಕಡಿಮೆ ಇರುವ ಪದ ಆರಿಸಿದರೆ ಜಾಗ ಉಳಿಯುತ್ತದೆ. ಛಂದಸ್ಸು ಕಲಿತವರಿಗೆ ಈ ಕಸರತ್ತು ರುಚಿಸೀತು.

ಫೋಟೋ ಕಳಿಸುವಾಗ ಎರಡು ಎಚ್ಚರ. ಮೊದಲನೆಯದು, ಚಿತ್ರದ ಕಡತದೊಳಗೆ ತೆಗೆದ ಜಾಗದ ಜಿಪಿಎಸ್ ಅಂಕಿಗಳು ಕೂತಿರಬಹುದು. ಮನೆಯಲ್ಲಿ ತೆಗೆದದ್ದಾದರೆ ಅದು ಮನೆಯ ವಿಳಾಸವೇ. ಫೋನಿನ ಹಂಚುವ ಆಯ್ಕೆಯಲ್ಲಿ ಲೊಕೇಶನ್ ತೆಗೆದುಹಾಕುವ ವ್ಯವಸ್ಥೆ ಇರುತ್ತದೆ, ಇಲ್ಲವಾದರೆ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿದರೂ ಆಯಿತು, ಗುಣಮಟ್ಟ ಸ್ವಲ್ಪ ಇಳಿಯುತ್ತದೆ. ಎರಡನೆಯದು ಹಕ್ಕು. ‘ಪ್ರಚಾರಕ್ಕೆ ಬಳಸಲು ಅನುಮತಿ’ ಎಂದಿದ್ದರೆ ಅಡ್ಡಿಯಿಲ್ಲ. ‘ಬಂದ ಎಲ್ಲ ಚಿತ್ರಗಳ ಸಂಪೂರ್ಣ ಹಕ್ಕು ನಮ್ಮದು’ ಎಂದಿದ್ದರೆ, ಅದು ಒಂದು ಬಹುಮಾನದ ಬೆಲೆಗೆ ಸಾವಿರ ಫೋಟೋ ಕೊಳ್ಳುವ ವ್ಯಾಪಾರ. ಸೋತವರ ಚಿತ್ರವೂ ಅವರದೇ ಆಗಿಬಿಡುತ್ತದೆ. ನಿಯಮದ ಪುಟವನ್ನು ಎಂಟ್ರಿ ಹಾಕಿದ ದಿನವೇ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಶೀನಿನಲ್ಲಿ (ವೆಬ್ ಪುಟಗಳ ಆ ದಿನದ ಪ್ರತಿ ಕಾಪಿಡುವ ತಾಣ) ಉಳಿಸಿಡುತ್ತೇನೆ. ಆಮೇಲೆ ತಿದ್ದಿದರೆ ಗೊತ್ತಾಗುತ್ತದೆ.

ಗೆದ್ದಿರಿ ಎಂಬ ಸಂದೇಶ ಬಂದಾಗ ಕೈ ಕಟ್ಟಿಕೊಂಡು ಒಂದು ನಿಮಿಷ ಕೂರಬೇಕು. ಪಾರ್ಸೆಲ್ ಕಳಿಸಲು ಬೇಕಾದ್ದು ಹೆಸರು, ವಿಳಾಸ, ಫೋನು. ಕಾರ್ಡಿನ ಸಂಖ್ಯೆ, ಒಟಿಪಿ, ‘ಬಿಡುಗಡೆ ಶುಲ್ಕ’, ಗಿಫ್ಟ್ ಕಾರ್ಡು ಯಾವುದೂ ಬೇಕಿಲ್ಲ. ಕೇಳಿದರೆ ಅದು ಬಹುಮಾನವಲ್ಲ. ಬೇರೆ ದೇಶದಿಂದ ಬರುವ ಪಾರ್ಸೆಲಿಗೆ ಸುಂಕ ಬೀಳಬಹುದು ನಿಜ, ಆದರೆ ಅದನ್ನು ಕೇಳುವುದು ಅಂಚೆ ಅಥವಾ ಕೊರಿಯರಿನವರು, ಇನ್‌ಸ್ಟಾಗ್ರಾಂನ ಸಂದೇಶವಲ್ಲ. ಸಣ್ಣ ಗಿವ್‌ಅವೇಗಳ ದೊಡ್ಡ ಪಿಡುಗೆಂದರೆ ನಕಲಿ ಖಾತೆ: ಅದೇ ಫೋಟೋ, ಅದೇ ಹೆಸರು, ಕೊನೆಯಲ್ಲೊಂದು ಅಂಡರ್‌ಸ್ಕೋರ್ ಹೆಚ್ಚು. ಫಲಿತಾಂಶಕ್ಕೆ ಮೊದಲೇ, ಭಾಗವಹಿಸಿದ ಎಲ್ಲರಿಗೂ ‘ನೀವೇ ವಿಜೇತರು’ ಎಂದು ಲಿಂಕು ಕಳಿಸುತ್ತಾರೆ. ನನ್ನ ಪಟ್ಟಿಯ ಫಲಿತಾಂಶದ ಕಾಲಂ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ದಿನಕ್ಕೆ ಮೊದಲೇ ಬಂದ ಅಭಿನಂದನೆ ಸುಳ್ಳು. ಲಿಂಕನ್ನು ಓದುವ ಕ್ರಮವೂ ಇದೆ: ‘ಎಚ್‌ಟಿಟಿಪಿಎಸ್’ ನಂತರದ ಜೋಡಿ ಓರೆಗೆರೆ (//) ದಾಟಿ, ಮೊದಲ ಒಂಟಿ ಓರೆಗೆರೆಯವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಓದಿ. ಗೆರೆಗೆ ಅಂಟಿಕೊಂಡ, ಚುಕ್ಕೆಯಿಂದ ಬೇರ್ಪಟ್ಟ ಕೊನೆಯ ಎರಡು ತುಂಡು, ಕೆಲವು ದೇಶಗಳ ವಿಳಾಸದಲ್ಲಿ ಮೂರು, ಅವೇ ತಾಣದ ನಿಜವಾದ ಯಜಮಾನ. ಅದಕ್ಕೂ ಎಡಗಡೆ ಯಾವ ದೊಡ್ಡ ಹೆಸರಿದ್ದರೂ ಅಲಂಕಾರ ಮಾತ್ರ.

ನಾನೇ ಏನಾದರೂ ಕೊಡುವಾಗ ಸ್ಪ್ರೆಡ್‌ಶೀಟಿನ ‘ರ‍್ಯಾಂಡ್‌ಬಿಟ್ವೀನ್’ ಸೂತ್ರದಿಂದ (ಎರಡು ಸಂಖ್ಯೆಗಳ ನಡುವೆ ಯಾವುದೋ ಒಂದನ್ನು ಕೊಡುವಂಥದ್ದು) ವಿಜೇತರನ್ನು ಆರಿಸುವುದಿಲ್ಲ. ಯಾವುದೇ ಕೋಶ ತಿದ್ದಿದರೂ ಅದು ಹೊಸ ಸಂಖ್ಯೆ ಕೊಡುತ್ತದೆ, ವಿಜೇತರ ಹೆಸರು ಬರೆಯಲು ಹೊರಟರೆ ವಿಜೇತರೇ ಬದಲು. 1998ರಿಂದ ನಡೆಯುತ್ತಿರುವ ರ‍್ಯಾಂಡಮ್ ಡಾಟ್ ಆರ್ಗ್ ವಾತಾವರಣದ ರೇಡಿಯೋ ಗದ್ದಲದಿಂದ ಸಂಖ್ಯೆ ತೆಗೆಯುತ್ತದೆ, ಅದು ಸಾಕು. ಮೊದಲು ಎಂಟ್ರಿಗಳಿಗೆ ಕ್ರಮಸಂಖ್ಯೆ ಕೊಟ್ಟು, ಎರಡೆರಡು ಸಲ ಬಂದವರನ್ನು ತೆಗೆದು, ಕಾಮೆಂಟುಗಳಲ್ಲಿ ನಾನೇ ಕೊಟ್ಟ ಉತ್ತರಗಳನ್ನೂ ಎಣಿಕೆಯಿಂದ ಬಿಡಬೇಕು. ಈ ಮೂರನೆಯದು ಮರೆತರೆ ಡ್ರಾದಲ್ಲಿ ನಾನೇ ಗೆಲ್ಲುವ ಅಭಾಸ ಆಗುತ್ತದೆ.

ಈ ಸಣ್ಣ ಸ್ಪರ್ಧೆಗಳ ಬೆನ್ನುಹತ್ತಿ ಹೋದಾಗ ದಾರಿಯಲ್ಲಿ ಸಿಗುವ ವಿಚಿತ್ರಗಳು ನನಗೆ ಬಹುಮಾನಕ್ಕಿಂತ ಹೆಚ್ಚು. ಭೂಗೋಳ ತಿರುಗಿಸಿ ಎಲ್ಲಿಯ ರೇಡಿಯೋ ಬೇಕಾದರೂ ಕೇಳಿಸುವ ರೇಡಿಯೋ ಗಾರ್ಡನ್ ಅಂಥದ್ದು. ಒಂದು ವೆಬ್ ಪುಟದ ಹತ್ತು ಲಕ್ಷ ಚುಕ್ಕೆಗಳನ್ನು (ಪಿಕ್ಸೆಲ್) ಜಾಹೀರಾತಿಗೆಂದು ಚುಕ್ಕೆಗೊಂದು ಡಾಲರಿನಂತೆ ಮಾರಿದ 2005ರ ಮಿಲಿಯನ್ ಡಾಲರ್ ಹೋಮ್‌ಪೇಜ್ ಇನ್ನೊಂದು. ಅದರ ಮೇಲೆ ಕ್ಲಿಕ್ ಮಾಡುತ್ತ ಹೋದರೆ ಸತ್ತ ಲಿಂಕುಗಳ ದೊಡ್ಡ ಮಸಣವೇ ಸಿಗುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಸುಮಾರು 3,75,000 ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ಬಳಕೆಗೆ ಬಿಟ್ಟಿತು. ಕೊಲಾಜ್ ಸ್ಪರ್ಧೆಗಳಿಗೆ ನನ್ನ ಕಚ್ಚಾ ಸಾಮಾನು ಅಲ್ಲಿಂದಲೇ, ಹಕ್ಕಿನ ತಕರಾರು ಬರುವುದಿಲ್ಲ. ಹುಡುಕುವಾಗ ‘ಓಪನ್ ಆಕ್ಸೆಸ್’ ಎಂಬ ಗುರುತನ್ನು ಒತ್ತಬೇಕು, ಎಲ್ಲ ಚಿತ್ರಗಳೂ ಮುಕ್ತವಲ್ಲ.

ಸಿಕ್ಕಿದ ವಿಚಿತ್ರವನ್ನು ಬುಕ್‌ಮಾರ್ಕ್ ಮಾಡಿ ಬಿಟ್ಟರೆ ಸಾಲದು. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ, ಕಾಫಿ ಇದೆಯೋ ಮುಗಿದಿದೆಯೋ ಎಂದು ಕುರ್ಚಿಯಿಂದ ಏಳದೆ ತಿಳಿಯಲು 1991ರಲ್ಲಿ ಪಾತ್ರೆಯ ಮುಂದೆ ಕ್ಯಾಮೆರಾ ಇಟ್ಟಿದ್ದರು. 1993ರಲ್ಲಿ ಅದು ವೆಬ್‌ಗೆ ಬಂದು ಲೋಕವೆಲ್ಲ ಆ ಪಾತ್ರೆಯನ್ನು ನೋಡಿತು. 2001ರ ಆಗಸ್ಟ್ 22ರಂದು ಕ್ಯಾಮೆರಾ ಬಂದ್ ಮಾಡಿದರು. ಈಗ ಕಾಣಸಿಗುವುದು ಯಾರೋ ಉಳಿಸಿಟ್ಟ ಚಿತ್ರಗಳಷ್ಟೇ. ಆದ್ದರಿಂದ ನನ್ನ ಎರಡನೇ ಶೀಟಿನಲ್ಲಿ ನಾಲ್ಕು ಕಾಲಂ: ಏನು, ಎಲ್ಲಿ, ಕಂಡ ದಿನ, ವೇಬ್ಯಾಕ್ ಪ್ರತಿಯ ಲಿಂಕು. ಚಲಿಸುವ, ಆಡುವ ಪುಟಗಳು ವೇಬ್ಯಾಕ್‌ನಲ್ಲಿ ಅನೇಕ ಸಲ ಪೂರ್ತಿ ಉಳಿಯುವುದಿಲ್ಲ, ಬರೀ ಚೌಕಟ್ಟು ಉಳಿಯುತ್ತದೆ. ಅಂಥವುಗಳ ಪರದೆಯನ್ನು ಅರ್ಧ ನಿಮಿಷ ವಿಡಿಯೋ ಮಾಡಿ ಇಟ್ಟುಕೊಳ್ಳುತ್ತೇನೆ, ಕಡತದ ಹೆಸರಲ್ಲಿ ತಾರೀಖು ಹಾಕಿ.