ಹುಡುಕಿದ್ದು ಬ್ರೌಸರ್‌ನಲ್ಲಿ, ಮೇಲ್ ಬಂತು ಇನ್‌ಬಾಕ್ಸ್‌ಗೆ: ನನ್ನ ಅನುಭವ

ಅಮ್ಮನಿಗೆ ಒಂದು ಕಿವಿ ಮಷೀನು ಬೇಕಿತ್ತು. ನೆಟ್‌ನಲ್ಲಿ ಹುಡುಕಿ ಒಂದೆರಡು ಸೈಟ್ ನೋಡಿದೆ. ಎಲ್ಲೂ ಲಾಗಿನ್ ಆಗಲಿಲ್ಲ, ಹೆಸರು ಬರೆಯಲಿಲ್ಲ, ಏನೂ ಕೊಳ್ಳಲಿಲ್ಲ. ಮರುದಿನವೇ ಅದರಲ್ಲೊಂದು ಸೈಟಿನಿಂದ ಮೇಲ್ ಬಂತು, ನೀವು ನೋಡಿದ ಮಷೀನು ಇನ್ನೂ ಸ್ಟಾಕ್‌ನಲ್ಲಿದೆ ಅಂತ. ಒಮ್ಮೆ ನೋಡಿದ ವಸ್ತುವಿನ ಜಾಹೀರಾತು ಹೋದಲ್ಲೆಲ್ಲ ಬೆನ್ನು ಹತ್ತುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಆ ಸೈಟಿಗೆ ನಾನು ಕೊಡದೇ ಇದ್ದ ವಿಳಾಸಕ್ಕೆ ಮೇಲ್ ಬರುವುದು ಬೇರೆಯದೇ ಮಾತು, ಅಲ್ವಾ?

ಇದನ್ನು ಹೇಳಿಕೊಂಡಾಗ ಕೇಳಿದವರೆಲ್ಲ ಗೂಗಲ್ ಮೇಲೆ ಅನುಮಾನ ಪಟ್ಟರು. ನನಗೆ ಹಾಗನಿಸಲಿಲ್ಲ. ಹುಡುಕಿದ್ದನ್ನು ನೋಡಿ ಜಾಹೀರಾತು ತೋರಿಸುವುದು ಅದರ ವ್ಯಾಪಾರ, ಹಾಗಂತ ಹುಡುಕಿದವರ ಮೇಲ್ ವಿಳಾಸವನ್ನು ಅಂಗಡಿಯವರ ಕೈಗೆ ಕೊಡುವುದಿಲ್ಲ. ಜಾಹೀರಾತಿಗಾಗಿ ಜಿಮೇಲ್‌ನ ಪತ್ರಗಳನ್ನು ಜಾಲಾಡುವುದನ್ನೂ 2017ರಲ್ಲೇ ನಿಲ್ಲಿಸುವುದಾಗಿ ಗೂಗಲ್‌ನವರು ಹೇಳಿದ್ದರು. ವಿಳಾಸ ಸೋರುವುದು ಹುಡುಕಾಟ ಮುಗಿಸಿ ಸೈಟಿನೊಳಗೆ ಕಾಲಿಟ್ಟ ಮೇಲೆ.

ಸುಳಿವು ಸಿಕ್ಕಿದ್ದು ಒಂದು ಹಳೇ ಅಭ್ಯಾಸದಿಂದ. ಜಿಮೇಲ್‌ ವಿಳಾಸದಲ್ಲಿ ಹೆಸರು ಮುಗಿದ ಮೇಲೆ, @ ಬರುವ ಮೊದಲು ಪ್ಲಸ್ ಚಿಹ್ನೆ ಹಾಕಿ ಏನು ಬೇಕಾದರೂ ಸೇರಿಸಬಹುದು, ಮೇಲ್ ಬರುವುದು ಅದೇ ಇನ್‌ಬಾಕ್ಸ್‌ಗೆ. ನಾನು ಪ್ರತಿ ಸೈಟಿಗೂ ಪ್ಲಸ್ ಮುಂದೆ ಆ ಸೈಟಿನ ಹೆಸರು ಸೇರಿಸಿಯೇ ವಿಳಾಸ ಕೊಡುತ್ತೇನೆ. ಮಷೀನಿನ ಮೇಲ್ ತೆರೆದು 'ಯಾರಿಗೆ' ಅನ್ನುವ ಸಾಲು ನೋಡಿದರೆ, ಅಲ್ಲಿದ್ದದ್ದು ಎಂದೋ ಒಂದು ಕೂಪನ್ ಸೈಟಿಗೆ ಕೊಟ್ಟಿದ್ದ ವಿಳಾಸ! ಮಷೀನು ಮಾರುವವರಿಗೂ ಕೂಪನ್ ಹಂಚುವವರಿಗೂ ಎಲ್ಲಿಯ ನಂಟು?

ನಂಟು ಬೆಸೆಯುವುದಕ್ಕೇ ಕಂಪನಿಗಳಿವೆ. ನೂರಾರು ಸೈಟ್‌ಗಳು ಅವರ ಕೋಡನ್ನು ತಮ್ಮ ಪುಟಗಳಲ್ಲಿ ಹಾಕಿಕೊಂಡಿರುತ್ತವೆ. ಒಂದು ಸೈಟಿನಲ್ಲಿ ನೀವು ವಿಳಾಸ ಕೊಟ್ಟರೆ, ಈ ಬ್ರೌಸರ್ ಈ ವಿಳಾಸದವರದ್ದು ಅಂತ ಆ ಕಂಪನಿಯಲ್ಲಿ ದಾಖಲಾಗುತ್ತದೆ. ಆಮೇಲೆ ಇನ್ನೊಂದು ಸೈಟಿಗೆ ಸುಮ್ನೆ ಇಣುಕಿದರೂ ಸಾಕು, ಆ ಸೈಟು ಯಾರಿವರು ಅಂತ ಕಂಪನಿಯನ್ನು ಕೇಳುತ್ತದೆ, ಉತ್ತರ ಸಿಗುತ್ತದೆ. ವಿಳಾಸವನ್ನು ಹ್ಯಾಶ್ ಮಾಡಿ ಇಟ್ಟಿದ್ದೇವೆ, ಹಾಗಾಗಿ ಅದು ಯಾರಿಗೂ ಕಾಣಿಸುವುದಿಲ್ಲ ಅನ್ನುವುದು ಅವರ ಸಮಾಧಾನ. ಹ್ಯಾಶ್ ಅಂದರೆ ಅಕ್ಷರಗಳನ್ನು ಗುರುತು ಸಿಗದ ಹಾಗೆ ಕಲಸಿದ ಉದ್ದದ ಸಂಖ್ಯೆ. ಆದರೆ ಒಂದೇ ವಿಳಾಸವನ್ನು ಒಂದೇ ರೀತಿ ಕಲಸಿದರೆ ಎಲ್ಲ ಕಡೆಯೂ ಅದೇ ಸಂಖ್ಯೆ ಬರುತ್ತದೆ, ಅಸಲಿ ವಿಳಾಸ ಮೊದಲೇ ಇಟ್ಟುಕೊಂಡವರಿಗೆ ತಾಳೆ ಹಾಕುವುದಕ್ಕೆ ಅಷ್ಟು ಸಾಕಲ್ಲ.

ಇನ್ನೊಂದು ದಾರಿ ಮೇಲ್‌ನೊಳಗಿನ ಲಿಂಕ್. ಪ್ರಚಾರದ ಮೇಲ್‌ನಲ್ಲಿ ಲಿಂಕಿನ ಮೇಲೆ ಮೌಸ್ ಇಟ್ಟು ನೋಡಿ, ಕೊನೆಯಲ್ಲಿ ಉದ್ದದ ಬಾಲ ಇರುತ್ತದೆ. ಅದು ಸಾಮಾನ್ಯವಾಗಿ ನಿಮಗೆ ಮಾತ್ರ ಕೊಟ್ಟ ಗುರುತು. ಒಮ್ಮೆ ಒತ್ತಿದರೆ ಆ ಗುರುತು ಸೈಟಿನ ಕುಕಿಯಲ್ಲಿ, ಅಂದರೆ ಸೈಟು ನಮ್ಮ ಬ್ರೌಸರ್‌ನಲ್ಲಿ ಇಟ್ಟುಹೋಗುವ ಸಣ್ಣ ಚೀಟಿಯಲ್ಲಿ ಕೂರುತ್ತದೆ, ಮುಂದೆ ಲಾಗಿನ್ ಆಗದೇ ಹೋದರೂ ಅವರಿಗೆ ನೀವ್ಯಾರು ಅಂತ ಗೊತ್ತು.

ಮೂರನೆಯದು ನನಗೆ ನಿಜಕ್ಕೂ ಸಿಟ್ಟು ತರಿಸಿದ್ದು. ಫಾರಂನಲ್ಲಿ ವಿಳಾಸ ಟೈಪ್ ಮಾಡಿ, ಬೇಡ ಅನಿಸಿ ಬಟನ್ ಒತ್ತದೇ ವಾಪಸ್ ಬಂದರೂ ಆ ವಿಳಾಸ ಹೋಗಿಬಿಟ್ಟಿರಬಹುದು. 2022ರಲ್ಲಿ ಯುರೋಪಿನ ಸಂಶೋಧಕರು ಜನ ಹೆಚ್ಚಾಗಿ ನೋಡುವ 1,00,000 ಸೈಟ್‌ಗಳನ್ನು ಪರೀಕ್ಷಿಸಿದ ವರದಿ ಕೊಟ್ಟರು. ಯುರೋಪಿನಿಂದ ನೋಡಿದಾಗ 1,844 ಸೈಟ್‌ಗಳಲ್ಲಿ, ಅಮೆರಿಕದಿಂದ ನೋಡಿದಾಗ 2,950 ಸೈಟ್‌ಗಳಲ್ಲಿ ಬಟನ್ ಒತ್ತುವ ಮೊದಲೇ ವಿಳಾಸ ಟ್ರ್ಯಾಕರ್‌ಗಳ, ಅಂದರೆ ನಮ್ಮ ಓಡಾಟದ ಜಾಡು ಹಿಡಿಯುವ ಕಂಪನಿಗಳ ಕೈ ಸೇರುತ್ತಿತ್ತು. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಪಟ್ಟಿ ತೆರೆದಿಟ್ಟು ನಾನೂ ಒಂದು ಸುಳ್ಳು ವಿಳಾಸ ಟೈಪ್ ಮಾಡಿ ನೋಡಿದೆ. ಕರ್ಸರ್ ಪಕ್ಕದ ಖಾನೆಗೆ ಹೋದ ತಕ್ಷಣ ಹೊರಗಿನ ಒಂದು ಸರ್ವರ್‌ಗೆ ಅದು ಹೋಗಿದ್ದು ಕಣ್ಣಾರೆ ಕಂಡಿತು.

ಇಷ್ಟು ಗೊತ್ತಾದ ಮೇಲೆ ಅನ್‌ಸಬ್‌ಸ್ಕ್ರೈಬ್ ಮಾಡುತ್ತಾ ಕೂರುವುದರಿಂದ ಶುರು ಮಾಡಲಿಲ್ಲ. ಬ್ರೌಸರ್‌ಗೂ ವಿಳಾಸಕ್ಕೂ ಇರುವ ಕೊಂಡಿ ಮೊದಲು ಕಡಿಯಬೇಕು. ಅದಿರುವವರೆಗೂ ಒಬ್ಬರನ್ನು ನಿಲ್ಲಿಸಿದರೆ ಇನ್ನೊಬ್ಬರು ಬರುತ್ತಾರೆ.

ಹಾಗಾಗಿ ಎರಡು ಬ್ರೌಸರ್ ಇಟ್ಟುಕೊಂಡೆ. ಒಂದರಲ್ಲಿ ಮೇಲ್, ಬ್ಯಾಂಕು, ಲಾಗಿನ್ ಬೇಕಾದ ಕೆಲಸಗಳು. ಇನ್ನೊಂದು ಬರೀ ಹುಡುಕುವುದಕ್ಕೆ, ಅದರಲ್ಲಿ ಎಂದೂ ಎಲ್ಲಿಯೂ ಲಾಗಿನ್ ಇಲ್ಲ, ಮುಚ್ಚಿದ ತಕ್ಷಣ ಕುಕಿಗಳೆಲ್ಲ ಅಳಿಸಿಹೋಗುವ ಹಾಗೆ ಸೆಟ್ಟಿಂಗ್. ಎರಡರಲ್ಲೂ ಇದ್ದ ಹಳೇ ಕುಕಿಗಳನ್ನು ಪೂರ್ತಿ ತೆಗೆದೆ. ಹುಡುಕುವುದಕ್ಕೆ ಆರಿಸಿದ್ದು ಫೈರ್‌ಫಾಕ್ಸ್, ಅದಕ್ಕೆ ಜಾಹೀರಾತು, ಟ್ರ್ಯಾಕರ್‌ಗಳನ್ನು ತಡೆಯುವ ಯುಬ್ಲಾಕ್ ಒರಿಜಿನ್ ಸೇರಿಸಿದೆ. ಆಪಲ್‌ನ ಬ್ರೌಸರ್ ಸಫಾರಿ 2020ರಿಂದಲೇ ಮೂರನೆಯವರ ಕುಕಿಗಳನ್ನು, ಅಂದರೆ ನಾವು ನೋಡುವ ಸೈಟಿನದ್ದಲ್ಲದ ಬೇರೆ ಕಂಪನಿಗಳ ಕುಕಿಗಳನ್ನು ಪೂರ್ತಿ ತಡೆಯುತ್ತದೆ. ಕ್ರೋಮ್‌ನವರು ತೆಗೆದುಹಾಕುತ್ತೇವೆ ಅಂತ ವರ್ಷಗಟ್ಟಲೆ ಹೇಳಿ ಕೊನೆಗೆ ಕೈಬಿಟ್ಟರು, ಅಲ್ಲಿ ನಾವೇ ಸೆಟ್ಟಿಂಗ್‌ಗೆ ಹೋಗಿ ತಡೆಯಬೇಕು. ಬ್ರೌಸರ್‌ನ ಗುಟ್ಟಿನ ಕಿಟಕಿ, ಅಂದರೆ ಇನ್‌ಕಾಗ್ನಿಟೋ ಸಾಲದೇ ಅಂತ ಕೇಳುವವರಿದ್ದಾರೆ. ಅದು ಮನೆಯವರಿಂದ ಹಿಸ್ಟರಿ ಮುಚ್ಚಿಡುವುದಕ್ಕೆ ಸರಿ, ಅದರೊಳಗೆ ಒಮ್ಮೆ ಲಾಗಿನ್ ಆದರೆ ಅಥವಾ ಮೇಲ್‌ನ ಲಿಂಕ್ ತೆರೆದರೆ ಆ ಕಿಟಕಿ ಮುಚ್ಚುವವರೆಗೂ ನಿಮ್ಮ ಗುರುತು ಗೊತ್ತಾದ ಹಾಗೆಯೇ. ಪ್ರಚಾರದ ಮೇಲ್‌ನಲ್ಲಿ ಬೇಕಾದ್ದೇನಾದರೂ ಇದ್ದರೆ ಈಗ ಲಿಂಕ್ ಒತ್ತುವುದಿಲ್ಲ, ಸೈಟಿನ ಹೆಸರನ್ನು ಕೈಯಾರೆ ಟೈಪ್ ಮಾಡಿ ಹೋಗುತ್ತೇನೆ.

ಪ್ಲಸ್ ಹಾಕುವುದನ್ನೂ ಬಿಟ್ಟೆ. ಸುಳಿವು ಕೊಟ್ಟಿತು ನಿಜ, ಆದರೆ ಅದು ಎಲ್ಲರಿಗೂ ಗೊತ್ತಿರುವ ಉಪಾಯ, ಪ್ಲಸ್‌ನಿಂದ ಮುಂದಿನದನ್ನು ಕತ್ತರಿಸಿದರೆ ಅಸಲಿ ವಿಳಾಸ ಸಿಕ್ಕಿಬಿಡುತ್ತದೆ. ಈಗ ಬದಲಿ ವಿಳಾಸ ಕೊಟ್ಟು, ಅದಕ್ಕೆ ಬಂದ ಮೇಲನ್ನು ನಮ್ಮ ಇನ್‌ಬಾಕ್ಸ್‌ಗೆ ದಾಟಿಸುವ ಫೈರ್‌ಫಾಕ್ಸ್ ರಿಲೇ ಬಳಸುತ್ತೇನೆ, ಆಪಲ್‌ನ ಹೈಡ್ ಮೈ ಇಮೇಲ್, ಡಕ್‌ಡಕ್‌ಗೋದ ಇಮೇಲ್ ಪ್ರೊಟೆಕ್ಷನ್ ಕೂಡ ಇದೇ ಕೆಲಸ ಮಾಡುತ್ತವೆ. ಸೈಟಿಗೊಂದು ಬೇರೆಯೇ ವಿಳಾಸ ಕೊಟ್ಟರೆ ಹ್ಯಾಶ್ ಕೂಡ ಬೇರೆಬೇರೆ, ತಾಳೆ ಆಗುವುದಿಲ್ಲ. ಕಾಟ ಜಾಸ್ತಿಯಾದರೆ ಆ ವಿಳಾಸವನ್ನೇ ಬಂದ್ ಮಾಡಬಹುದು.

ಮೇಲ್‌ನಲ್ಲಿ ಕಣ್ಣಿಗೆ ಕಾಣದ ಚುಕ್ಕಿಯಷ್ಟು ಚಿತ್ರ ಇಟ್ಟಿರುತ್ತಾರೆ, ತೆರೆದ ತಕ್ಷಣ ಅವರಿಗೆ ಸುದ್ದಿ ಹೋಗುತ್ತದೆ. ಜಿಮೇಲ್ ಸೆಟ್ಟಿಂಗ್‌ನಲ್ಲಿ ಹೊರಗಿನ ಚಿತ್ರ ತೋರಿಸುವ ಮೊದಲು ಕೇಳು ಅಂತ ಆರಿಸಿದರೆ ಇದು ನಿಲ್ಲುತ್ತದೆ.

ಅನ್‌ಸಬ್‌ಸ್ಕ್ರೈಬ್ ಕೆಲಸ ಕೊನೆಗೆ. ಗೊತ್ತಿರುವ ಕಂಪನಿಯಾದರೆ ಮೇಲ್‌ನ ಒಳಗಿನ ಲಿಂಕ್ ಬಿಟ್ಟು, ಜಿಮೇಲ್ ತಾನೇ ಮೇಲುಗಡೆ ತೋರಿಸುವ ಬಟನ್ ಒತ್ತುತ್ತೇನೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಪ್ರಚಾರದ ಮೇಲ್‌ಗಳಲ್ಲಿ ಒಂದೇ ಕ್ಲಿಕ್ಕಿನ ಈ ಸೌಲಭ್ಯ ಕೊಡಲೇಬೇಕು ಅಂತ ಗೂಗಲ್ 2024ರಲ್ಲಿ ನಿಯಮ ಮಾಡಿತು. ಗುರುತು ಪರಿಚಯ ಇಲ್ಲದವರಾದರೆ ನೇರ ಸ್ಪ್ಯಾಮ್‌ಗೆ.

ಮಷೀನಿನ ಸೈಟಿಗೆ ಮಾತ್ರ ಪತ್ರ ಬರೆದು, ವಿಳಾಸ ಎಲ್ಲಿಂದ ಸಿಕ್ಕಿತು ಅಂತ ಕೇಳಿದೆ. ನಮ್ಮ ಪಾಲುದಾರರ ಮೂಲಕ, ಬೇಕಾದರೆ ಅಳಿಸುತ್ತೇವೆ ಅಂತ ಉತ್ತರ ಬಂತು. ಇಲ್ಲೊಂದು ಸೂಕ್ಷ್ಮ ಇದೆ. ಪೂರ್ತಿ ಅಳಿಸಿಬಿಟ್ಟರೆ ಬೇಡ ಅಂದವರು ನಾವು ಅನ್ನುವುದೂ ಅಳಿಸಿಹೋಗುತ್ತದೆ, ನಾಳೆ ಅದೇ ಪಾಲುದಾರರಿಂದ ವಿಳಾಸ ಮತ್ತೆ ಬಂದರೆ ಹೊಸಬರು ಅಂದುಕೊಂಡು ಮತ್ತೆ ಕಳಿಸುತ್ತಾರೆ. ಅದಕ್ಕೇ ಬೇರೆ ಮಾಹಿತಿ ಅಳಿಸಿ, ವಿಳಾಸವನ್ನು ಮಾತ್ರ ಮೇಲ್ ಕಳಿಸಬಾರದವರ ಪಟ್ಟಿಯಲ್ಲಿ ಇಡಿ ಅಂತ ಕೇಳಿದೆ. ಪಾಲುದಾರರು ಯಾರು ಅಂತ ತಿಳಿದುಕೊಂಡು ಅವರಿಗೂ ಇದನ್ನೇ ಬರೆದೆ.

ಆ ಥರದ ಮೇಲ್ ಈಗ ನಿಂತಿದೆ. ನಾನೇ ಏನಾದರೂ ಕೊಂಡ ಅಂಗಡಿಗಳಿಂದ ಬರುತ್ತವೆ, ಅದು ಬೇರೆ ಲೆಕ್ಕ. ತೊಂದರೆಯೂ ಇಲ್ಲದಿಲ್ಲ. ಹುಡುಕುವ ಬ್ರೌಸರ್‌ನಲ್ಲಿ ಕುಕಿ ಒಪ್ಪಿಗೆಯ ಪೆಟ್ಟಿಗೆ ಪ್ರತಿ ಸಲ ಎದುರಾಗುತ್ತದೆ, ಕೆಲವು ಸೈಟ್ ಅರ್ಧಂಬರ್ಧ ತೆರೆಯುತ್ತವೆ. ಫೋನ್‌ನ ಆ್ಯಪ್‌ಗಳಿಗೆ ಈ ಎರಡು ಬ್ರೌಸರ್ ಉಪಾಯ ನಡೆಯುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಜಾಹೀರಾತಿಗಾಗಿ ಆ್ಯಪ್‌ಗಳು ಫೋನಿನ ಗುರುತು ಹಿಡಿಯಲು ಬಳಸುವ ಜಾಹೀರಾತು ಐಡಿ ಅಳಿಸಿದೆ, ಬ್ರೌಸರ್‌ನಲ್ಲೇ ಆಗುವ ಕೆಲಸಕ್ಕೆ ಇಟ್ಟುಕೊಂಡಿದ್ದ ಅಂಗಡಿ ಆ್ಯಪ್‌ಗಳನ್ನೆಲ್ಲ ತೆಗೆದುಹಾಕಿದೆ.